ಕಸದ ಕೋಟು

ಭಾನುವಾರ ಸಂಜೆಯಾದರೆ ಟೈಲರಕ್ಕ ಕಸ ತೊಟ್ಟುಕೊಂಡು ಬೀದಿಗಿಳಿಯುತ್ತಿದ್ದಳು. ವಾರಕ್ಕೊಂದು ಮನೆಯ ಒಣ ಕಸ ತಂದು, ತೊಳೆದು, ಹಳೆಯ ಕೋಟಿಗೆ ಹೊಲಿದು, ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯುವುದು. ಕವರು ಸರಬರ ಎಂದರೆ, ಡಬ್ಬಿಯ ಮುಚ್ಚಳ ಟಣ್ ಎಂದರೆ, ಹಿಂದೆ ಬರುವ ಡ್ರಮ್ ಮೇಷ್ಟ್ರು ಆ ಸದ್ದಿಗೇ ತಾಳ ಕೂಡಿಸುತ್ತಿದ್ದರು. ಯಾರ ಮನೆಯದೆಂದು ಊಹಿಸಿ ಜನ ನಗಬೇಕು. ನಗುತ್ತಲೇ ತಮ್ಮ ಬುಟ್ಟಿಯ ಕಡೆಗೂ ಒಮ್ಮೆ ನೋಡಬೇಕು. ಅಕ್ಕನ ಕಟ್ಟಳೆ ಒಂದೇ: ಮನೆಯಿಂದ ಹೊರಬಿದ್ದದ್ದು ಯಾವುದನ್ನೂ ಬಿಡುವಂತಿಲ್ಲ.

ಹಿಂದೊಮ್ಮೆ ಎದುರುಮನೆಯಾಕೆ ಹಿತ್ತಲಿಂದ ಬಂದು ಅಂಗಲಾಚಿದ್ದಳು. "ಆ ಬಾಟ್ಲಿ ಮುಚ್ಚಳ ಬಿಟ್ಬಿಡಕ್ಕ. ನಮ್ಮೋರು ಕುಡಿಯೋದು ಬೀದಿಗೆಲ್ಲ ಗೊತ್ತಾಗತ್ತೆ."

"ನಿಂಗೆ ಬಿಟ್ರೆ ಎಲ್ರಿಗೂ ಬಿಡ್ಬೇಕಾಗತ್ತಮ್ಮ," ಎಂದು ಟೈಲರಕ್ಕ ದಾರ ಕಚ್ಚಿ ತುಂಡರಿಸಿದ್ದಳು.

ಈ ವಾರ ಅವಳದೇ ಮನೆಯ ಸರದಿ. ಗಂಡ ತೀರಿಕೊಂಡ ಮೇಲೆ ಯಾರೂ ಮುಟ್ಟದಿದ್ದ ಹಾಸಿಗೆಯನ್ನು ನಾದಿನಿ ಎತ್ತಿದಳು. ಅಡಿಯಲ್ಲಿ ಮಾತ್ರೆಯ ಪಟ್ಟಿಗಳು. ಒಂದನ್ನೂ ಒಡೆದಿರಲಿಲ್ಲ.

ಅವನು ಕಾಯಿಲೆ ಮಲಗಿದ್ದಾಗ ಮಾತ್ರೆಯ ಪಟ್ಟಿ, ನೀರು ಕೈಗಿಟ್ಟು ಟೈಲರಕ್ಕ ಮಿಷನ್ನಿಗೆ ಕೂರುತ್ತಿದ್ದಳು. "ನುಂಗಿದೆ ಕಣೇ, ನೀನು ಹೊಲಿ," ಎಂದು ಒಳಗಿನಿಂದ ಅವನ ದನಿ. ಊರವರ ಬುಟ್ಟಿಯೆಲ್ಲ ಕೆದಕಿದವಳು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

"ಅತ್ತಿಗೆ, ಇದನ್ನ ಹೂತುಬಿಡೋಣ," ಎಂದಳು ನಾದಿನಿ. "ಗಂಡನ್ನ ನೋಡ್ಕೊಳ್ದೆ ಕಸ ಹೊಲೀತಾ ಕೂತಿದ್ಲು ಅಂತಾರೆ."

"ಸುಳ್ಳಾ ಅದು?"

ನಾದಿನಿ ಹಾಸಿಗೆಯನ್ನು ಸುತ್ತತೊಡಗಿದಳು.

ಆದರೂ ಅವನ್ನು ಹೊಲಿಯಲು ಟೈಲರಕ್ಕನ ಕೈ ಏಳಲಿಲ್ಲ. ಹಾಲಿನ ಕವರು, ಸೋಪಿನ ಕಾಗದ, ಅವನ ಮುರಿದ ಬಾಚಣಿಗೆ, ಎಲ್ಲ ಹೊಲಿದಳು. ಪಟ್ಟಿಗಳನ್ನು ಮಾತ್ರ ಸೆರಗಿನಡಿ ಸರಿಸಿದಳು. ಕಿಟಕಿಯಾಚೆ ನೋಡಿದರೆ ಎದುರುಮನೆಯಾಕೆ ಆಗಲೇ ಬಾಗಿಲಿಗೆ ಕುರ್ಚಿ ಹಾಕಿ ಕಾಯುತ್ತಿದ್ದಳು. ಟೈಲರಕ್ಕ ಸೂಜಿಗೆ ಮತ್ತೆ ದಾರ ಪೋಣಿಸಿದಳು.

"ಏನಕ್ಕ, ಈ ವಾರ ಯಾರ ಮಾನ ತೊಟ್ಕೊಂಡಿದ್ದೀಯ?" ಅವಳು ಬೀದಿಗಿಳಿದದ್ದೇ ತರಕಾರಿಯವನು ಕೂಗಿದ.

"ನಂದೇ ಕಣಪ್ಪ."

ಎದೆಯ ಮೇಲೆ ಪಟ್ಟಿಗಳು ಕಟಕಟ ಎಂದವು. ಮೇಷ್ಟ್ರು ತಡವರಿಸಿದರು. "ಇದ್ಯಾವ ಸದ್ದಮ್ಮ? ತಾಳಕ್ಕೆ ಸಿಗ್ತಾ ಇಲ್ಲ."

"ನಮ್ಮೋರು ನುಂಗ್ದೆ ಬಚ್ಚಿಟ್ಟಿದ್ದು ಮೇಷ್ಟ್ರೇ. ನಾನು ನೋಡ್ಲಿಲ್ಲ."

ಮೇಷ್ಟ್ರ ಕೋಲು ನಿಂತಿತು. ನಗಲೆಂದೇ ಕೂತಿದ್ದ ಎದುರುಮನೆಯಾಕೆ ಎದ್ದು, ಕುರ್ಚಿಯನ್ನು ಅಲ್ಲೇ ಬಿಟ್ಟು, ಬಾಗಿಲೆಳೆದುಕೊಂಡಳು.

ಬೀದಿಯ ತುದಿ ಇನ್ನೂ ದೂರವಿತ್ತು. ಟೈಲರಕ್ಕ ತಾಳವಿಲ್ಲದೆಯೇ ನಡೆದಳು.