ಗುಂಡಿಯತ್ತೆ ವಾಪಸ್ ಕೇಳಿದ ಮಾತು

ಆ ಓಣಿಗಳಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಎಲ್ಲರಿಗೂ ಅವಳು ಗುಂಡಿಯತ್ತೆ. ಕಾರ್ಖಾನೆಯಿಂದ ಗುಂಡಿ ಹಚ್ಚದ ಅಂಗಿಗಳನ್ನು ಗಂಟು ಕಟ್ಟಿ ತಂದು ಮನೆಮನೆಗೆ ಹಂಚುವುದು, ಹೆಂಗಸರು ಗುಂಡಿ ಹೊಲಿದಿಟ್ಟ ಮೇಲೆ ಎತ್ತಿಕೊಂಡು ಹೋಗಿ ಒಪ್ಪಿಸುವುದು, ಇದೇ ಅವಳ ಮೂವತ್ತು ವರ್ಷದ ಕೆಲಸ. ಅವಳ ತಳ್ಳುಗಾಡಿಯ ಒಂದು ಚಕ್ರ ಕಿರುಗುಟ್ಟುತ್ತದೆ. ಎಣ್ಣೆ ಬಿಡಬಾರದೇ ಎಂದರೆ, "ಅದು ಕೂಗಿದ್ರೆ ನಾನು ಕೂಗೋದು ತಪ್ಪುತ್ತೆ" ಅನ್ನುತ್ತಾಳೆ.

ಅಂಗಿಯ ಮುಂಭಾಗವನ್ನು ಅವಳು ನೋಡುವುದೇ ಇಲ್ಲ. ಒಳಮಗ್ಗುಲು ತಿರುಗಿಸಿ, ಗುಂಡಿಯ ಹಿಂದೆ ಹಾಕಿದ ದಾರದ ಗಂಟನ್ನು ಬೆರಳಿನಿಂದ ಸವರಿದರೆ ಸಾಕು, ಇದು ಯಾರ ಕೈ ಎಂದು ಹೇಳಿಬಿಡುತ್ತಾಳೆ. ಮೂಲೆಮನೆಯ ಅಜ್ಜಿಯದು ನಡುಗುವ ಹೊಲಿಗೆ. ಮಹಡಿಮನೆಯ ಸೊಸೆ ಅತ್ತೆಯ ಮೇಲಿನ ಸಿಟ್ಟನ್ನೆಲ್ಲ ದಾರದ ಮೇಲೆ ತೀರಿಸಿ ಬಿಗಿದಿರುತ್ತಾಳೆ. ಮಕ್ಕಳ ಕೈಯಾದರೆ ಗಂಟು ಸಾಸಿವೆಯಷ್ಟು ಸಣ್ಣದು. ಅಕ್ಷರ ಬರದ ಗುಂಡಿಯತ್ತೆಗೆ ಓದಲು ಬರುತ್ತಿದ್ದದ್ದು ಇದೊಂದೇ, ಆ ಬಗ್ಗೆ ಅವಳಿಗೆ ಜಂಬ ಇರಲಿಲ್ಲವೆಂದರೆ ಸುಳ್ಳಾದೀತು.

ಒಂದು ಬೆಳಿಗ್ಗೆ ಶಾಲೆಯ ಹೆಡ್ ಟೀಚರ್ ಗೇಟಿನ ಮುಂದೆಯೇ ಅವಳ ಗಾಡಿಗೆ ಅಡ್ಡ ನಿಂತರು. ಹಿಂದಿನ ದಿನ ಪಾಲಕರ ಸಭೆ ಕರೆದಿದ್ದರಂತೆ. ಬಂದವರು ಐದು ಜನ, ಅವರಲ್ಲಿ ಒಬ್ಬ ಫ್ಯಾನ್ ರಿಪೇರಿಗೆ ಬಂದವನು.

"ನಾವು ಬಾಗಿಲು ತಟ್ಟಿದ್ರೆ ಮಕ್ಕಳನ್ನ ಹಿತ್ತಲಿಗೆ ಕಳಿಸಿ, ನೆಂಟರ ಮನೆಗೆ ಹೋಗಿದಾರೆ ಅಂತಾರೆ. ನಿಮಗಾದ್ರೆ ಅಡುಗೆಮನೆ ತನಕ ದಾರಿ ಇದೆ. ಮಕ್ಕಳನ್ನ ಕೆಲಸಕ್ಕೆ ಕೂರಿಸಬೇಡಿ, ಶಾಲೆಗೆ ಕಳಿಸಿ ಅಂತ ನೀವೊಂದು ಮಾತು ಹೇಳಿ ಅತ್ತೆ."

ಟೀಚರ್ ಬಾಯಲ್ಲಿ ಅತ್ತೆ ಅನ್ನಿಸಿಕೊಂಡ ಮೇಲೆ ಕೇಳಬೇಕೇ! ಅಂದಿನಿಂದಲೇ ಶುರುವಾಯಿತು. ಗಂಟು ಇಳಿಸುವಾಗ ಒಂದು ಮಾತು, ಎತ್ತುವಾಗ ಒಂದು ಮಾತು. "ಮಗನ ಶಾಲೆ ಚೀಲ ಮೊಳೆಗೆ ನೇತುಹಾಕಿದೀಯಲ್ಲ, ಅದೇನು ಕ್ಯಾಲೆಂಡರಾ?" ಹೆಂಗಸರು ನಗುತ್ತಿದ್ದರು, ಕೆಲವರು ಮುಖ ಸಿಂಡರಿಸುತ್ತಿದ್ದರು. ಎರಡು ವಾರದಲ್ಲಿ ನಾಲ್ಕು ಚೀಲಗಳು ಮೊಳೆಯಿಂದ ಇಳಿದವು. ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆಮೇಲೆ ಟೀಚರ್ ಗಾರೆಯವನ ಮಗಳ ಸುದ್ದಿ ತೆಗೆದರು. ಹತ್ತು ವರ್ಷದ ಹುಡುಗಿ. ನಿಂತಲ್ಲಿ ನಿಲ್ಲುವವಳಲ್ಲ ಎಂದು ಎಲ್ಲರೂ ಅವಳಿಗೆ ಇರುವೆ ಅನ್ನುತ್ತಿದ್ದರು. ನಾಲ್ಕು ತಿಂಗಳಿಂದ ಶಾಲೆಯ ಕಡೆ ತಲೆ ಹಾಕಿರಲಿಲ್ಲ.

"ಸೋಮವಾರದೊಳಗೆ ಬರದಿದ್ರೆ ಈ ವರ್ಷದ ಪರೀಕ್ಷೆ ತಪ್ಪಿಹೋಗುತ್ತೆ. ಒಂದು ವರ್ಷ ತಪ್ಪಿದ್ರೆ ಅಂಥ ಮಕ್ಕಳು ತಿರುಗಿ ಬರಲ್ಲ ಅತ್ತೆ, ನಾನು ಕಂಡಿದೀನಿ."

"ಬಿಡಿ, ಆ ಮನೆ ನನಗೆ ಬಿಡಿ" ಎಂದು ಅತ್ತೆ ಶನಿವಾರ ಸಂಜೆಯೇ ಹೋದಳು.

ಇದ್ದದ್ದು ಒಂದೇ ಕೋಣೆ. ಗಾರೆಯವ ಬಾಗಿಲ ಬಳಿ ಕಾಲಿನ ಸಿಮೆಂಟು ತೊಳೆಯುತ್ತಿದ್ದ. ಕಿಟಕಿಯ ಕೆಳಗೆ, ಬೆಳಕು ಬೀಳುವ ಜಾಗದಲ್ಲಿ, ತೊಡೆಯ ಮೇಲೆ ಅಂಗಿ ಹರವಿಕೊಂಡು ಇರುವೆ ಕೂತಿದ್ದಳು. ಅತ್ತೆ ಒಳಗೆ ಬಂದರೂ ಕತ್ತೆತ್ತಲಿಲ್ಲ. ಅತ್ತೆ ಎಂದಿನ ಪಾಠ ಒಪ್ಪಿಸಿದಳು. ಹುಡುಗಿಯ ತಾಯಿ ಕೊನೆಯವರೆಗೂ ಕೇಳಿಸಿಕೊಂಡು ನಿಧಾನವಾಗಿ ಅಂದಳು:

"ಅತ್ತೆ, ಇವಳ ಶಾಲೆ ಬಿಡಿಸಿದ್ದು ನೀವೇ ಅಲ್ವಾ?"

"ನಾನಾ!"

"ಮಳೆಗಾಲದಲ್ಲಿ ಇದೇ ಹೊಸ್ತಿಲಲ್ಲಿ ನಿಂತು, ಇವಳ ಹೊಲಿಗೆ ನೋಡಿ, ಚಿನ್ನದಂಥ ಕೈ, ಈ ಓಣೀಲೇ ಇಂಥ ಕೈ ಇಲ್ಲ ಅಂದ್ರಿ. ಮುಂದಿನ ವಾರದಿಂದ ಒಂದು ಗಂಟಿನ ಬದಲು ಎರಡು ಇಳಿಸಿದ್ರಿ. ನಾನೂ ಓದಿಲ್ಲ, ಇವರೂ ಓದಿಲ್ಲ. ನಮ್ಮ ಮಗು ಯಾವುದ್ರಲ್ಲೋ ಮೇಲು ಅಂತ ಮೊದಲು ಹೇಳಿದ್ದು ನೀವು. ಶಾಲೇಲಿ ಯಾರೂ ಹೇಳಿರಲಿಲ್ಲ."

ಅತ್ತೆಗೆ ಎಲ್ಲ ನೆನಪಾಯಿತು, ಹುಡುಗಿಯ ಕೆನ್ನೆ ತಟ್ಟಿದ್ದೂ ನೆನಪಾಯಿತು. ಗಂಟು ಸಾಸಿವೆಯಷ್ಟಿತ್ತು. ಇದು ಮಗುವಿನ ಕೈ ಎಂದು ಬೆರಳಿಗೆ ಗೊತ್ತಾಗಿತ್ತು, ಆದರೂ ಬಾಯಿ ಹೊಗಳಿತ್ತು. ಊರಿಗೆಲ್ಲ ಬುದ್ಧಿ ಹೇಳಿಕೊಂಡು ತಿರುಗಿದವಳಿಗೆ ಈಗ ನಾಚಿಕೆಯಾಯಿತು. ಆ ಹೊಸ್ತಿಲ ಮೇಲೇ ಹೋಗಿ ಕೂತಳು.

"ನನಗೂ ಹೀಗೇ ಹೇಳಿದ್ರು ಕಣಮ್ಮ" ಎಂದಳು. "ಏಳು ವರ್ಷದವಳಿದ್ದೆ. ಗಂಟು ಹಂಚೋಕೆ ಬರ್ತಿದ್ದ ಮಾವ ಇದೇ ಮಾತು ಅಂದ, ಚಿನ್ನದಂಥ ಕೈ ಅಂತ. ನಮ್ಮಮ್ಮ ಹಿಗ್ಗಿ ಹೀರೇಕಾಯಿ ಆದ್ಲು. ನಾನೂ ಹಿಗ್ಗಿದೆ. ಆ ಒಂದು ಮಾತಿನ ಮೇಲೇ ಐವತ್ತು ವರ್ಷ ಕಳೆದೆ. ಇವತ್ತಿಗೂ ಬಸ್ಸು ಬಂದ್ರೆ ಇದೆಲ್ಲಿಗೆ ಹೋಗುತ್ತಪ್ಪಾ ಅಂತ ಪಕ್ಕದವರನ್ನ ಕೇಳ್ತೀನಿ. ಔಷಧಿ ಚೀಟಿ ಕೊಟ್ರೆ ತಲೆಕೆಳಗಾಗಿ ಹಿಡ್ಕೊಂಡು ಹೂಂ ಹೂಂ ಅಂತೀನಿ. ಇವಳಿಗೂ ಅದೇ ಮಾತು ಹಚ್ಚಿಬಿಟ್ಟೆ ನಾನು. ತಪ್ಪಾಯ್ತು. ಆ ಮಾತು ವಾಪಸ್ ತಗೊಂಡು ಹೋಗ್ತೀನಿ, ಕೊಟ್ಬಿಡು."

ಗಾರೆಯವ ನೀರಿನ ಚೊಂಬು ಕೆಳಗಿಟ್ಟ.

"ಮತ್ತೆ ಎರಡನೇ ಗಂಟು?"

"ಅದೂ ವಾಪಸ್. ಇನ್ಮೇಲೆ ಮೊದಲಿನ ಹಾಗೆ ಒಂದೇ. ಅದೂ ನಿನ್ನ ಹೆಂಡತಿ ಕೈಯಿಂದ್ಲೇ ಆಗಬೇಕು."

"ಮೊದಲು ಒಂದೇ ಗಂಟಲ್ಲಿ ನಡೀತಿತ್ತಾ?" ಎಂದು ಅವನು ಹೆಂಡತಿಯನ್ನು ಕೇಳಿದ.

"ನಡೀತಿತ್ತು, ಕುಂಟ್ಕೊಂಡು" ಎಂದಳು ಅವಳು. "ಆದ್ರೆ ಅತ್ತೆ, ನನ್ನ ಹೊಲಿಗೆ ನೋಡೋ ಹಾಗಿರಲ್ಲ."

"ಇರದಿದ್ರೆ ಇರದೇ ಹೋಗಲಿ."

ಇರುವೆ ಆಗ ತಲೆಯೆತ್ತಿದಳು. "ಅತ್ತೆ, ಇದೊಂದು ಅಂಗಿ ಮುಗಿಸಿಬಿಡ್ಲಾ? ಗಂಟಿನ ಮೊದಲ್ನೇದು, ಮೂರು ಗುಂಡಿ ಆಗಿದೆ."

"ಬೇಡ ಮಗಳೇ. ಅರ್ಧಕ್ಕೇ ಬಿಡು."

ಹೂಂ ಎಂಬ ಮಾತು ಆ ಮನೆಯಿಂದ ಬರಲಿಲ್ಲ. ಎರಡನೇ ಗಂಟನ್ನು ಎತ್ತಿಕೊಂಡು ಅತ್ತೆ ಹೊರಟಳು. ಸೋಮವಾರ ಶಾಲೆಯ ಕಡೆ ಹೋಗಲು ಅವಳಿಗೆ ಧೈರ್ಯ ಸಾಲದೆ, ಬೇರೆ ಬೀದಿಯಿಂದ ಸುತ್ತು ಹಾಕಿಕೊಂಡು ಹೋದಳು. ಮಂಗಳವಾರವೂ ಅಷ್ಟೇ. ಬುಧವಾರ ಗಾರೆಯವನ ಮನೆಗೆ ಬೀಗ ಹಾಕಿತ್ತು, ಅಂಗಿಯ ಗಂಟನ್ನು ಪಕ್ಕದ ಮನೆಯವರು ಎತ್ತಿ ಕೊಟ್ಟರು. ಬಿಚ್ಚಿ ನೋಡದೆ ಹಾಗೆಯೇ ಕಾರ್ಖಾನೆಗೆ ಒಯ್ದಳು.

ಮಾಲು ತಪಾಸಣೆ ಮಾಡುವವನು ಮೊದಲ ಅಂಗಿ ಹರವಿದವನೇ ಕಿರುಚಿದ. "ಯಾರಮ್ಮ ಇದನ್ನ ಹೊಲಿದದ್ದು? ಒಂದೊಂದು ಗಂಟೂ ಹುಣಸೆಬೀಜದಷ್ಟಿದೆ!"

ಅತ್ತೆ ಅಂಗಿಯನ್ನು ಅವನ ಕೈಯಿಂದ ಕಸಿದುಕೊಂಡು ಒಳಮಗ್ಗುಲು ತಿರುಗಿಸಿದಳು. ಮೇಲಿನ ಮೂರು ಗುಂಡಿಗಳ ಹಿಂದೆ ಸಾಸಿವೆ. ಅಲ್ಲಿಂದ ಕೆಳಕ್ಕೆ ನಾಲ್ಕಕ್ಕೂ ದಪ್ಪದಪ್ಪ ಗಂಟು, ಒಂದು ಸೊಟ್ಟ, ಒಂದು ಸಡಿಲ. ಎರಡನೇ ಅಂಗಿ ನೋಡಿದಳು, ಮೂರನೆಯದು, ಹತ್ತನೆಯದು. ಎಲ್ಲೂ ಸಾಸಿವೆ ಇರಲಿಲ್ಲ.

"ಅವಳ ಅಮ್ಮನ ಕೈ ಕಣಪ್ಪ" ಎಂದಳು, ನಗುತ್ತ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ. "ಇಂಥ ಕೆಟ್ಟ ಹೊಲಿಗೆ ನನ್ನ ಜನ್ಮದಲ್ಲಿ ನೋಡಿಲ್ಲ! ಕೊಡು, ಬಿಚ್ಚಿ ನಾನೇ ಹೊಲಿದು ತರ್ತೀನಿ."

ತಿರುಗಿ ಬರುವಾಗ ಶಾಲೆಯ ಬೀದಿಯನ್ನೇ ಹಿಡಿದಳು. ಚಕ್ರ ಕಿರುಗುಟ್ಟಿದ ಸದ್ದಿಗೆ ತರಗತಿಯ ಕಿಟಕಿಯಲ್ಲಿ ಒಂದು ತಲೆ ಎದ್ದಿತು, ಕೈ ಬೀಸಿತು. ಒಳಗಿನಿಂದ ಟೀಚರ್ ಗದರಿದ್ದು ಬೀದಿಗೂ ಕೇಳಿಸಿತು: "ಏ ಇರುವೆ, ಒಂದು ನಿಮಿಷ ಕೂತಲ್ಲಿ ಕೂರೋದಿಲ್ವಲ್ಲ ನೀನು!"

ಮರುದಿನ ಬೆಳಿಗ್ಗೆ ಗುಂಡಿಯತ್ತೆ ಚಕ್ರಕ್ಕೆ ಎಣ್ಣೆ ಬಿಟ್ಟಳು.