ಬಲಗಡೆ ಉಳಿದ ವಿಭೂತಿ

ಲಾಕ್‌ಡೌನಿನಲ್ಲಿ ನಾವು ಕೌಲಾಲಂಪುರದ ಕನ್ನಡಿಗರು ಜೂಮ್‌ನಲ್ಲಿ ಸೇರಿ, ಅಮೆರಿಕದ ಪೊಲೀಸನೊಬ್ಬ ಕರಿಯನನ್ನು ಗುಂಡಿಟ್ಟು ಕೊಂದದ್ದನ್ನು ಚರ್ಚಿಸಿದೆವು. ಫ್ಯಾನ್ ಸದ್ದಿಗೂ ಬೆಚ್ಚಿಬೀಳುವ ನಾನು ವರ್ಣಭೇದದ ವಿರುದ್ಧ ಅರ್ಧ ಗಂಟೆ ಗುಡುಗಿದೆ.

ಅದೇ ವಾರ ಇಲ್ಲಿಯೂ ಪೊಲೀಸರ ಗುಂಡಿಗೆ ತಮಿಳನೊಬ್ಬ ಸತ್ತ. ಮರುದಿನ ನಾನು ತರಕಾರಿಗೆ ಹೊರಟಿದ್ದೆ. ರೋಡ್‌ಬ್ಲಾಕಿನ ಪೊಲೀಸರು ನನ್ನನ್ನೂ ತಮಿಳನೆಂದುಕೊಂಡಾರೆಂದು ಎಂದಿನಂತೆ ವಿಭೂತಿ ಒರೆಸಿಕೊಂಡು, ಕಂಪನಿಯ ಬ್ಯಾಡ್ಜ್ ಕೊರಳಿಗೆ ಹಾಕಿಕೊಂಡಿದ್ದೆ. ಲಿಫ್ಟಿನ ಬಳಿ ಪಕ್ಕದ ಮನೆಯ ತಮಿಳು ಟೀಚರಮ್ಮ ಸಿಕ್ಕರು. ಸತ್ತವನು ಅವರ ಹಳೆಯ ವಿದ್ಯಾರ್ಥಿ. ಕೈಯಲ್ಲಿ ತನಿಖೆ ಕೋರುವ ಮನವಿಪತ್ರವಿತ್ತು.

“ಮೊನ್ನೆ ನಿಮ್ಮ ಭಾಷಣ ಗೋಡೆ ದಾಟಿ ಬಂತು ಸಾರ್. ಭಾಷೆ ತಿಳೀಲಿಲ್ಲ, ಕೋಪ ತಿಳೀತು. ಇಲ್ಲೊಂದು ಸೈನ್ ಹಾಕಿ.”

“ವೀಸಾ ರಿನ್ಯೂವಲ್‌ಗೆ ಹೋಗಿದೆ ಟೀಚರ್,” ಎಂದೆ. ಸಾಲದೆಂದು, “ಜೊತೆಗೆ ನಾವು ತಮಿಳರಲ್ಲ ನೋಡಿ, ಕನ್ನಡದವರು,” ಎಂದೂ ಸೇರಿಸಿದೆ.

“ಅದು ಪೊಲೀಸರಿಗೆ ಗೊತ್ತಾ?”

ನಾನು ಬ್ಯಾಡ್ಜ್ ಮುಟ್ಟಿಕೊಂಡೆ. ಅವರು ಮಾಸ್ಕಿನ ಮೇಲಿಂದ ನನ್ನ ಹಣೆಯನ್ನೇ ನೋಡುತ್ತ ಕಾಗದ ಮಡಚಿದರು.

“ಸರಿಯಾಗಿ ಒರೆಸಿಲ್ಲ ಸಾರ್. ಬಲಗಡೆ ಇನ್ನೂ ಇದೆ,” ಎಂದು ಮುಂದಿನ ಮನೆಯ ಬೆಲ್ ಒತ್ತಿದರು.

ಲಿಫ್ಟಿನ ಕನ್ನಡಿಯಲ್ಲಿ ನೋಡಿದೆ. ಇತ್ತು. ಕೆಳಗಿಳಿಯುವಷ್ಟರಲ್ಲಿ ಅದನ್ನೂ ಒರೆಸಿಕೊಂಡೆ.