ನೊರೆ ಇಳಿಯುವ ಮುಂಚೆ

ಹದಿನಾರು ಕೊಡುತ್ತದೆ ಎಂದು ನನ್ನ ಷಡ್ಡಕ ಹೇಳಿದ್ದು ಕೆಂಪಾಪುರ ದಾಟಿ ಸಿಗುವ ನಮ್ಮ ಅತ್ತೆಯ ಊರಿನಲ್ಲಿ, ಊಟಕ್ಕೆ ಕೂತಿದ್ದಾಗ. ಒಂದು ಲೀಟರ್ ಡೀಸೆಲ್ಲಿಗೆ ಹದಿನಾರು ಕಿಲೋಮೀಟರ್. ಅವನು ನನ್ನ ಹೆಂಡತಿಯ ತಂಗಿಯ ಗಂಡ, ನನಗಿಂತ ಆರು ವರ್ಷ ಚಿಕ್ಕವನು. ನಮ್ಮಿಬ್ಬರದೂ ಒಂದೇ ಕಂಪನಿಯ ಪಿಕಪ್, ಒಂದೇ ಬಿಳಿ ಬಣ್ಣ, ಒಂದೇ ತಿಂಗಳಲ್ಲಿ ತಂದದ್ದು. ನನ್ನದು ಹದಿಮೂರರ ಮೇಲೆ ಯಾವತ್ತೂ ಕೊಟ್ಟಿರಲಿಲ್ಲ.

ಆ ಮಾತು ಕೇಳಿ ಅತ್ತೆ ಅವನ ಎಲೆಗೆ ಇನ್ನೊಂದು ಸೌಟು ಕೋಳಿ ಸಾರು ಬಿಟ್ಟರು ಎಂದು ನನ್ನ ನೆನಪು. ಹೆಂಡತಿ ತಲೆಯೆತ್ತಿ ನನ್ನ ಕಡೆ ನೋಡಿದಳು ಎಂದೂ ನೆನಪು. ಇವೆರಡರಲ್ಲಿ ಒಂದನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಹೊಟ್ಟೆ ಉರಿಯುವಾಗ ಏನೇನೋ ಕಣ್ಣಿಗೆ ಬೀಳುತ್ತದೆ. ಹದಿನಾರು ಎಂಬುದನ್ನು ಮಾತ್ರ ನಾನು ಸೇರಿಸಿದ್ದಲ್ಲ.

ಅವತ್ತಿನಿಂದ ಅವನ ಗಾಡಿಯನ್ನು ನೋಡುವುದೇ ನನಗೊಂದು ಕೆಲಸವಾಯಿತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅವನದು ನಿಂತಿದ್ದರೆ ಒಂದು ಸುತ್ತು ಹಾಕಿ ಬರುತ್ತಿದ್ದೆ. ಟೈರು ಒದ್ದು ನೋಡುತ್ತಿದ್ದೆ. ಸೈಲೆನ್ಸರಿನೊಳಗೆ ಬೆರಳು ಹಾಕಿ ಮಸಿ ಎಷ್ಟಿದೆ ಎಂದು ನೋಡಿದ್ದೂ ಉಂಟು. ನನ್ನದಕ್ಕಿಂತ ಕಡಿಮೆ ಇತ್ತು. ಆ ಬೆರಳನ್ನು ಅವನ ಬಾಗಿಲಿಗೇ ಒರೆಸಿ ಬಂದೆ. ಸುಳ್ಳು ಹೇಳುತ್ತಾನೆ ಎಂದುಕೊಂಡರೆ ಎರಡು ದಿನ ನೆಮ್ಮದಿ. ಮೂರನೆಯ ದಿನ, ನಿಜವಾಗಿದ್ದರೆ ಎಂಬ ಯೋಚನೆ ಬರುತ್ತಿತ್ತು.

ಹೀಗಿರುವಾಗ ಚನ್ನಪಟ್ಟಣದ ಸಾಹೇಬರೊಬ್ಬರು ಕಾಯಂ ಬಾಡಿಗೆಗೆ ಒಂದು ಗಾಡಿ ಬೇಕೆಂದು ಹೇಳಿಕಳಿಸಿದರು. ಅವರದು ಗೊಂಬೆ ಮಾಡುವ ಕಾರ್ಖಾನೆ. ಕನಕಪುರದ ಕಡೆಯಿಂದ ವಾರಕ್ಕೆ ಮೂರು ಸಲ ಹಾಲೆ ಮರದ ತುಂಡು ತರಬೇಕು. ಗೂಡಿನ ಬಾಡಿಗೆ ಒಂದು ತಿಂಗಳು ಇರುತ್ತದೆ, ಇನ್ನೊಂದು ತಿಂಗಳು ಇರುವುದಿಲ್ಲ. ಹಾಗಾಗಿ ಈ ಕೆಲಸ ನನಗೆ ಬೇಕೇ ಬೇಕಿತ್ತು. ಹೋಗಿ ನೋಡಿದರೆ ಅವನೂ ಬಂದು ಕೂತಿದ್ದ, ಕೈಯಲ್ಲಿ ಆಗಲೇ ಟೀ ಲೋಟ.

ಸಾಹೇಬರು ಇಬ್ಬರನ್ನೂ ನೋಡಿ ನಕ್ಕು, "ಡೀಸೆಲ್ ನಂದು, ಗಾಡಿ ನಿಮ್ದು ಗೌಡ್ರೆ. ಯಾರ್ ಗಾಡಿ ಕಮ್ಮಿ ಕುಡಿತದೋ ಅವ್ರಿಗೆ ಕೆಲ್ಸ" ಎಂದರು. ಒಂದೇ ದಿನ ಇಬ್ಬರೂ ಕನಕಪುರಕ್ಕೆ ಹೋಗಿ ಸಮ ತೂಕದ ಲೋಡು ತರುವುದು. ಹೊರಡುವಾಗ ಟ್ಯಾಂಕ್ ಫುಲ್, ಬಂದ ಮೇಲೆ ಅದೇ ಬಂಕಿನಲ್ಲಿ ಮತ್ತೆ ಫುಲ್. ಎರಡನೆಯ ಚೀಟಿಯಲ್ಲಿ ಎಷ್ಟು ಲೀಟರ್ ಇದೆಯೋ ಅಷ್ಟು ಕುಡಿದಿದೆ ಎಂದು ಲೆಕ್ಕ.

ನಮ್ಮ ಕಡೆ ಟ್ಯಾಂಕ್ ಫುಲ್ ಎಂದರೆ ಪಂಪು ಟಕ್ ಎಂದು ನಿಲ್ಲುವುದಲ್ಲ. ಡೀಸೆಲ್ ರಭಸಕ್ಕೆ ನೊರೆ ಏಳುತ್ತದೆ, ನೊರೆ ತಾಗಿದರೆ ಸಾಕು, ಟ್ಯಾಂಕಿನಲ್ಲಿ ಜಾಗ ಇದ್ದರೂ ಪಂಪು ನಿಂತುಬಿಡುತ್ತದೆ. ಆಗ ಇಬ್ಬರು ಎರಡು ಕಡೆ ನಿಂತು ಗಾಡಿಯನ್ನು ತೊಟ್ಟಿಲಿನ ಹಾಗೆ ಅಲ್ಲಾಡಿಸಬೇಕು. ನೊರೆ ಇಳಿದ ಮೇಲೆ ಕತ್ತಿನ ತನಕ ತುಂಬಿಸಬೇಕು. ಬೆಳಗ್ಗೆ ಹಾಗೇ ಮಾಡಿದೆವು. ಅವನ ಗಾಡಿಗೆ ನಾನು ಕೈ ಕೊಟ್ಟೆ, ನನ್ನದಕ್ಕೆ ಅವನು.

ಅವನು ಮುಂದೆ ಹೊರಟ, ನಾನು ಹಿಂದೆ. ಏನು ಕಳ್ಳಾಟ ಮಾಡುತ್ತಾನೋ ನೋಡಿಬಿಡೋಣ ಎಂದೇ ಹಿಂದೆ ಉಳಿದೆ. ಏನೂ ಮಾಡಲಿಲ್ಲ. ಅದೇ ನೋಡಿ ನನಗೆ ತಡೆಯದಾದದ್ದು. ರಸ್ತೆಯ ಉಬ್ಬು ಇನ್ನೂ ದೂರ ಇರುವಾಗಲೇ ಆಕ್ಸಿಲರೇಟರಿನಿಂದ ಕಾಲು ಎತ್ತುತ್ತಿದ್ದ, ಅವನ ಬ್ರೇಕ್ ಲೈಟು ಹತ್ತುತ್ತಲೇ ಇರಲಿಲ್ಲ. ನಾನು ಉಬ್ಬಿನ ಬುಡದ ತನಕ ಒತ್ತಿಕೊಂಡು ಹೋಗಿ ಬ್ರೇಕಿನ ಮೇಲೆ ನಿಲ್ಲುವವನು, ದಾಟಿದ ಮೇಲೆ ಮತ್ತೆ ಒತ್ತುವವನು. ಕೆಂಗಲ್ ಹತ್ತಿರ ಆಂಜನೇಯನಿಗೆ ಕೈಮುಗಿಯಲು ನಿಲ್ಲಿಸಿದಾಗ ಅವನು ಎಂಜಿನ್ ಆಫ್ ಮಾಡಿದ. ನಾನು ಗಾಡಿ ಗುರುಗುಟ್ಟುತ್ತಿರುವಂತೆಯೇ ಕೈಮುಗಿದೆ. ಬಸ್ಸೊಂದು ಹಾರನ್ ಹೊಡೆದು ಮುಂದೆ ಹೋದರೆ ಅವನು ಹೋಗಲಿ ಎಂದು ಬಿಟ್ಟ. ನನ್ನ ಕಾಲು ತಾನಾಗಿಯೇ ಕೆಳಗೆ ಇಳಿಯಿತು. ಅವನ ಹಿಂದೆ ಖಾಲಿ ಬಾಡಿ, ಟಾರ್ಪಾಲು ಮಡಿಸಿ ಕಟ್ಟಿದ್ದ. ನನ್ನದರಲ್ಲಿ ಗೂಡು ಸಾಗಿಸಲು ಕ್ಯಾಬಿನ್‌ಗಿಂತ ಎತ್ತರಕ್ಕೆ ಕಟ್ಟಿಸಿದ ಕಬ್ಬಿಣದ ಚೌಕಟ್ಟು, ಅದರ ಮೇಲೆ ಪಟಪಟ ಹೊಡೆದುಕೊಳ್ಳುವ ಟಾರ್ಪಾಲು. ಜೊತೆಗೆ ಎರಡು ವರ್ಷದಿಂದ ಇಳಿಸದ ಕೆಟ್ಟ ಪಂಪ್‌ಸೆಟ್ಟು. ಗಾಳಿಯನ್ನೂ ಆ ಪಂಪ್‌ಸೆಟ್ಟನ್ನೂ ನಾನು ದಿನಾ ಬಾಡಿಗೆಯಿಲ್ಲದೆ ಹೊತ್ತು ತಿರುಗುತ್ತಿದ್ದೆ.

ಇವೆಲ್ಲ ನನಗೆ ಗೊತ್ತಿರದ ವಿಷಯಗಳೇನಲ್ಲ. ಯಾವ ಡ್ರೈವರಿಗೂ ಗೊತ್ತು. ಅವನು ಮಾಡುತ್ತಿದ್ದ, ಅಷ್ಟೇ.

ವಾಪಸು ಬಂದಾಗ ಮಧ್ಯಾಹ್ನ. ಮೊದಲು ಅವನು ತುಂಬಿಸಿದ. ಅಲ್ಲಾಡಿಸಿದೆವು, ನೊರೆ ಇಳಿಸಿದೆವು, ಕತ್ತಿನ ತನಕ. ಆಮೇಲೆ ನನ್ನದು. ಪಂಪಿನ ಹೆಣ್ಣುಮಗಳು ನಾಜಲ್ ಇಟ್ಟಳು, ಟಕ್ ಎಂದಿತು. ಅವನು ಅಲ್ಲಾಡಿಸಲೆಂದು ಬಾಡಿಯ ಮೇಲೆ ಕೈ ಇಟ್ಟ. ನಾನು ಸಾಕು ಎಂದೆ. ಚೀಟಿ ಹರಿದುಕೊಂಡೆ.

ಬೆಳಗ್ಗೆಯಿಂದಲೇ ಹೀಗೆ ಮಾಡಬೇಕೆಂದು ಇದ್ದೆನೋ, ಆ ಟಕ್ ಕೇಳಿದಾಗ ಹೊಳೆಯಿತೋ, ಎರಡು ಥರವೂ ನನಗೆ ನಾನೇ ಹೇಳಿಕೊಂಡಿದ್ದೇನೆ. ಎರಡನೆಯದು ಹೇಳಿಕೊಂಡ ದಿನ ನಿದ್ದೆ ಬರುತ್ತದೆ, ಹಾಗಾಗಿ ಅದರ ಮೇಲೆ ನನಗೆ ನಂಬಿಕೆ ಕಡಿಮೆ.

ನನ್ನ ಚೀಟಿಯಲ್ಲಿ ಅವನದಕ್ಕಿಂತ ಅರ್ಧ ಲೀಟರ್ ಕಡಿಮೆ ಇತ್ತು. ಸಾಹೇಬರು ಎರಡು ಚೀಟಿಯನ್ನೂ ಪಕ್ಕಪಕ್ಕ ಹಿಡಿದು ನೋಡಿ ಕೆಲಸ ನನಗೆ ಕೊಟ್ಟರು. ಅವನು ಅವರಿಗೆ ಕೈಮುಗಿದು ಎದ್ದ. ಹೊರಗೆ ಬಂದು ಟಾರ್ಪಾಲಿನ ಹಗ್ಗ ಬಿಗಿಯುತ್ತಾ, ನನ್ನ ಕಡೆ ನೋಡದೆ ಹೇಳಿದ:

"ಅಣ್ಣ, ನಿನ್ ಗಾಡಿ ಒಸಿ ಅಲ್ಲಾಡ್ಸಿದ್ರೆ ಚೆನ್ನಾಗಿತ್ತು."

"ಯಾಕ್ಲಾ, ಫುಲ್ ಆಗಿತ್ತಲ್ಲ."

"ಆಗಿತ್ತು ಬುಡು. ಆ ಪಂಪ್‌ಸೆಟ್ ಇಳ್ಸು. ಪಾಪ, ಅದ್ಕಾದ್ರೂ ಊರ್ ನೋಡಿ ಸಾಕಾಗಿರ್ತದೆ."

ಬೈದಿದ್ದರೆ, ಸಾಹೇಬರ ಮುಂದೆ ಹೇಳಿದ್ದರೆ, ನಾನು ಜಗಳ ಆಡಿ ಗೆಲ್ಲುತ್ತಿದ್ದೆ. ಅವನ ಮೈಲೇಜಿನ ಮೇಲೆ ಇದ್ದ ಹೊಟ್ಟೆಯುರಿ ಆ ಕ್ಷಣದಿಂದ ಅವನ ಆ ಸಮಾಧಾನದ ಮೇಲೆ ತಿರುಗಿತು. ಇದು ಜಾಸ್ತಿ ಉರಿ.

ಕೆಲಸ ಸಿಕ್ಕಿತು, ಆದರೆ ಆ ಚೀಟಿಯೂ ಸಾಹೇಬರ ಮೇಜಿನ ಗಾಜಿನ ಕೆಳಗೆ ಉಳಿಯಿತು. ಪ್ರತಿ ವಾರದ ಡೀಸೆಲ್ ಚೀಟಿಯನ್ನು ಅವರು ಅದರ ಪಕ್ಕ ಇಟ್ಟು ನೋಡುತ್ತಾರೆ. ಸುಳ್ಳು ಹೇಳಿ ಗೆದ್ದದ್ದನ್ನು ನಾನು ರಸ್ತೆಯ ಮೇಲೆ ನಿಜ ಮಾಡಿ ತೋರಿಸಬೇಕಾಯಿತು. ಪಂಪ್‌ಸೆಟ್ಟು ಇಳಿಸಿದೆ. ಚೌಕಟ್ಟು ಬಿಚ್ಚಿಸಿದೆ. ಬೆಳಗ್ಗೆ ಟೈರು ತಣ್ಣಗಿರುವಾಗಲೇ ಗಾಳಿ ಹಿಡಿಸುತ್ತೇನೆ. ಖಾಲಿ ಹೋಗುವಾಗ ಟಾರ್ಪಾಲು ಮಡಿಸುತ್ತೇನೆ, ಮಡಿಸುವಾಗಲೆಲ್ಲ ಅವನ ಕೈಗಳು ನೆನಪಾಗುತ್ತವೆ. ಕನಕಪುರದಿಂದ ರಾಮನಗರದ ಏರುಗಳಲ್ಲಿ ಲೋಡು ಎಳೆಯುವಾಗ ಎಂಜಿನ್ ಕೂಗುವ ಮೊದಲೇ ಗೇರು ಬದಲಿಸುತ್ತೇನೆ. ಬಸ್ಸು ಹಾರನ್ ಹೊಡೆದರೆ ಹೋಗಲಿ ಎಂದು ಬಿಡುತ್ತೇನೆ. ಹದಿಮೂರು ಇದ್ದದ್ದು ಹದಿನಾಲ್ಕಾಯಿತು, ತಿಂಗಳು ಕಳೆದ ಮೇಲೆ ಹದಿನೈದು. ಕೆಲವು ವಾರ ಹದಿನೈದೂವರೆ. ಅಲ್ಲಿಗೆ ನಿಂತಿದೆ.

ಅವನೂ ಸುಳ್ಳು ಹೇಳಿದ್ದ, ಅವನದೂ ಹದಿನಾಲ್ಕೇ ಕೊಡುತ್ತಿತ್ತು ಎಂದು ಈಗ ತಿಳಿದುಬಂದಿದ್ದರೆ ಈ ಬರಹಕ್ಕೆ ಅನುಕೂಲವಾಗುತ್ತಿತ್ತು. ನನ್ನ ಹೆಂಡತಿ ತಂಗಿಯನ್ನು ಕೇಳಿ ಬಂದಳು. ಹದಿನಾರೇ ಕೊಡುತ್ತದಂತೆ.

ಹೋದ ವಾರ ಸಾಹೇಬರು ಕರೆದು ಕೂರಿಸಿ, ಕೆಲಸ ಜಾಸ್ತಿಯಾಗಿದೆ, ಇನ್ನೊಂದು ಗಾಡಿ ಬೇಕು ಎಂದರು. ನಿಮ್ಮ ತಮ್ಮ ಇದ್ದಾರಲ್ಲ, ಒಳ್ಳೆ ಮನುಷ್ಯ, ಅವರಿಗೆ ಹೇಳಿ ಎಂದರು. ಹೇಳುತ್ತೇನೆ ಎಂದೆ. ಗೂಡಿನ ಬಾಡಿಗೆ ಈ ತಿಂಗಳು ಬಿದ್ದುಹೋಗಿದೆ, ಅವನ ಗಾಡಿ ಮನೆ ಮುಂದೆ ಹುಣಸೆ ಮರದ ಕೆಳಗೆ ನಿಂತಿದೆ ಎಂದು ಗೊತ್ತು. ಅವನು ಬಂದರೆ ಪ್ರತಿ ಶನಿವಾರ ಆ ಗಾಜಿನ ಮೇಲೆ ನಮ್ಮಿಬ್ಬರ ಚೀಟಿಗಳು ಪಕ್ಕಪಕ್ಕ ಕೂರುತ್ತವೆ ಎಂದೂ ಗೊತ್ತು. ಅವನು ಆಗಲೂ ಏನೂ ಹೇಳುವುದಿಲ್ಲ.

ಸಾಹೇಬರು ಎರಡು ಸಲ ಕೇಳಿದ್ದಾರೆ. ಎರಡು ಸಲವೂ, ಫೋನ್ ಹತ್ತಲಿಲ್ಲ ಎಂದಿದ್ದೇನೆ. ನಿನ್ನೆ ಕೆಂಗಲ್ ಹತ್ತಿರ ಕೈಮುಗಿಯಲು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಅವನ ನಂಬರ್ ತೆಗೆದು ನೋಡಿದೆ. ಒತ್ತಲಿಲ್ಲ. ಗಾಡಿ ಸ್ಟಾರ್ಟ್ ಮಾಡಿ, ನಿಧಾನಕ್ಕೆ, ಅವನ ಹಾಗೆಯೇ ಉಬ್ಬು ದೂರ ಇರುವಾಗಲೇ ಕಾಲು ಎತ್ತುತ್ತಾ ಹೊರಟೆ.